ರೋಡ್‌ಕಿಂಗ್ ಇಂಜಿನ್ ಕೆಲಸಕ್ಕೆ ಮೈಸೂರಿನ ಹಳೇ ಗ್ಯಾರೇಜ್

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕಿನ ಇಂಜಿನ್ ಬಿಚ್ಚಿಸೋಕೆ ಮೈಸೂರಿನ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಬೋರ್ಡ್ ಕೂಡ ಇಲ್ಲ. ಒಳಗೆ ಹೋದರೆ ಗೋಡೆ ತುಂಬ ಹಳೇ ಸಿಲಿಂಡರ್, ಪಿಸ್ಟನ್, ಜೋಡಿ ಸೈಲೆನ್ಸರ್. ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇದೇ ಊರಲ್ಲಿ ಗಾಡಿ ಮಾಡಿತ್ತಲ್ವಾ, ಹಾಗಾಗಿ ಇಲ್ಲಿ ಸಾಮಾನಿಗೂ ಕಥೆಗೂ ಬರವಿಲ್ಲ.

ಯಜಮಾನರು ಒಂದು ರೇಸ್ ಸಿಲಿಂಡರ್ ಕೈಗೆ ಕೊಟ್ಟರು. ಪೋರ್ಟ್, ಅಂದ್ರೆ ಗಾಳಿ-ಹೊಗೆ ಹೋಗಿಬರೋ ಕಿಂಡಿ, ಅದರೊಳಗೆ ಬೆರಳಾಡಿಸಿದರೆ ಅರ ಹಾಕಿ ಅಗಲ ಮಾಡಿದ್ದು ಗೊತ್ತಾಗುತ್ತದೆ. ಮದ್ರಾಸಿನ ಹತ್ತಿರ ಶೋಳಾವರಂನ ಹಳೇ ವಿಮಾನ ಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲದ ಕೈಕೆಲಸವಂತೆ. ಹೊಟ್ಟೆ ಉಬ್ಬಿದ ಎಕ್ಸ್‌ಪಾನ್ಶನ್ ಚೇಂಬರ್ ಅನ್ನೋ ರೇಸ್ ಗಾಡಿಯ ಹೊಗೆ ಕೊಳವೆ ಸುಮ್ನೆ ಸದ್ದಿಗಲ್ಲ, ಹೊರಗೆ ಓಡುವ ಹೊಸ ಪೆಟ್ರೋಲ್-ಗಾಳಿಯನ್ನು ಒತ್ತಡದ ಅಲೆ ವಾಪಸ್ ಸಿಲಿಂಡರಿಗೇ ತಳ್ಳುತ್ತದೆ ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದರು.

ನನ್ನ ಗಾಡಿಗೆ ಅದೆಲ್ಲ ಬೇಡ ಅಂದವರೂ ಅವರೇ. ಸಿಲಿಂಡರ್ ಒಳಗೋಡೆ ಕೊರೆಸಿ ಬೋರ್ ಮಾಡಿಸಿ, ಆಯಿಲ್ ಸೀಲ್ ಬದಲಿಸಿ ಕೊಟ್ಟರು. ಈಗ ಎರಡನೇ ಕಿಕ್ಕಿಗೆ ಸ್ಟಾರ್ಟ್.

ಬೇಜಾರು ಒಂದೇ. ಹತ್ತು ದಿನ ಅಂದಿದ್ದು ಐದು ವಾರ ಆಯ್ತು, ಫೋನ್ ಅಂತೂ ಎತ್ತಲ್ಲ. ಅರ್ಜೆಂಟ್ ಇದ್ದರೆ ಹೋಗಬೇಡಿ.