ಗೋಧಿಯ ಭಂಡಾರ ರೋಗಕ್ಕೆ ಪ್ರೊಪಿಕೊನಜೋಲ್ 25 ಇಸಿ: ಕೊಟ್ಟ ದುಡ್ಡಿಗೆ ಬಾಳುತ್ತದೆಯೇ?

ಗೋಧಿಯ ಭಂಡಾರ (ತುಕ್ಕು), ಅಂಗಮಾರಿಯಂಥ ಎಲೆ ರೋಗಕ್ಕೆಂದು ಗೊಬ್ಬರದಂಗಡಿಯಲ್ಲಿ ಈಗ ನಾಲ್ಕೈದು ಬಗೆಯ ಔಷಧಿ ಸಿಗುತ್ತವೆ. ಪ್ರೊಪಿಕೊನಜೋಲ್ 25 ಇಸಿ ಎಂಬ ಶಿಲೀಂಧ್ರನಾಶಕ (ಇಸಿ ಅಂದರೆ ನೀರಿಗೆ ಬೆರೆಸುವ ಎಣ್ಣೆಯಂಥ ದ್ರಾವಣ) ಅವುಗಳಲ್ಲಿ ಹೆಚ್ಚು ಸದ್ದು ಮಾಡದ ಹಳೆಯ ಹೆಸರು. ಸಿಂಜೆಂಟಾದವರ ಟಿಲ್ಟ್, ಅಡಾಮಾದವರ ಬಂಪರ್ ಎರಡೂ ಇದೇ. ಇವಲ್ಲದೆ ಬೇರೆ ಬೇರೆ ಲೇಬಲ್ ಹೊತ್ತ ಇನ್ನೂ ಹಲವು ಬಾಟಲಿಗಳಿವೆ. ಎಲ್ಲದರಲ್ಲೂ ಶೇ 25ರಷ್ಟು ಅದೇ ಮೂಲವಸ್ತು ಇರುವುದರಿಂದ ಹೆಸರಿಗೆಂದು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ನೀರಾವರಿ ಗೋಧಿಗೆ ಇದನ್ನು ಸರಿಯಾದ ಹೊತ್ತಿನಲ್ಲಿ ಒಮ್ಮೆ ಹೊಡೆದರೆ ಸಾಕು, ಇದಕ್ಕಿಂತ ದುಬಾರಿಯದು ಬೇಕಿಲ್ಲ. ಆದರೆ ಇದನ್ನು ಹೊಡೆಸಿಕೊಳ್ಳುವ ಎಷ್ಟೋ ಹೊಲಗಳಿಗೆ ಅದರ ಅಗತ್ಯವೇ ಇರುವುದಿಲ್ಲ. ಅಗತ್ಯವಿದ್ದ ಹೊಲಗಳಲ್ಲೂ ಅರ್ಧ ಪ್ರಮಾಣ ಬಿದ್ದು ಹೊಡೆದದ್ದು ದಂಡವಾಗುವುದೇ ಹೆಚ್ಚು.

ಮೊದಲು ರೋಗ ಯಾವುದೆಂದು ಗೊತ್ತಾಗಬೇಕು. ಎಲೆ ಹಳದಿಯಾಯಿತೆಂದ ಮಾತ್ರಕ್ಕೆ ಅದು ಭಂಡಾರವಲ್ಲ. ನೀರು ತಡವಾದರೂ, ಸಾರಜನಕ ಕಡಿಮೆಯಾದರೂ, ಹೇನು ಹತ್ತಿದರೂ ಎಲೆ ಹಳದಿಯಾಗುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಬಿಳಿ ಬಟ್ಟೆಯ ತುಂಡೊಂದನ್ನು ಎಲೆಯ ಮೇಲೆ ಬುಡದಿಂದ ತುದಿಯವರೆಗೆ ಒತ್ತಿ ಎಳೆಯಿರಿ. ಬಟ್ಟೆಗೆ ಕಿತ್ತಳೆ-ಕಂದು ಬಣ್ಣದ ಪುಡಿ ಹತ್ತಿದರೆ ಭಂಡಾರ. ಎಲೆಯ ಮೇಲ್ಭಾಗದಲ್ಲಿ ಸಾಸಿವೆಗಿಂತ ಸಣ್ಣ ದುಂಡು ಗುಳ್ಳೆಗಳು ಚೆದುರಿದ್ದರೆ ಅದು ಎಲೆ ಭಂಡಾರ, ಅಂದರೆ ಕಂದು ತುಕ್ಕು. ಕಾಂಡದ ಮೇಲೆ ಮತ್ತು ಕಾಂಡವನ್ನು ಸುತ್ತಿಕೊಂಡ ಎಲೆಬುಡದ ಮೇಲೆ ಉದ್ದುದ್ದ ಗುಳ್ಳೆಗಳೆದ್ದು, ಸಿಪ್ಪೆ ಹರಿದು ಅಂಚು ಎದ್ದು ನಿಂತಿದ್ದರೆ ಅದು ಕಾಂಡ ಭಂಡಾರ. ಈ ಗುಳ್ಳೆಗಳು ಮೊದಲು ಇಟ್ಟಿಗೆ ಬಣ್ಣಕ್ಕಿದ್ದು ಆಮೇಲೆ ಕಪ್ಪಾಗುತ್ತವೆ. ಬಟ್ಟೆಗೆ ಪುಡಿಯೇನೂ ಹತ್ತದೆ, ಎಲೆಯಲ್ಲಿ ಹಳದಿ ಅಂಚಿನ ಕಂದು ಮಚ್ಚೆಗಳಿದ್ದು ಅವು ಒಂದಕ್ಕೊಂದು ಕೂಡಿ ತುದಿಯಿಂದ ಒಣಗುತ್ತಾ ಬಂದರೆ ಅದು ಎಲೆ ಅಂಗಮಾರಿ. ಪಟ್ಟೆಪಟ್ಟೆಯಾಗಿ ಬರುವ ಹಳದಿ ತುಕ್ಕು ಪಂಜಾಬ್, ಹಿಮಾಚಲದ ಚಳಿಯ ಸೀಮೆಯ ತಲೆನೋವು. ನಮ್ಮ ಬಯಲು ಅದಕ್ಕೆ ಬೆಚ್ಚಗಾಯಿತು. ಹಾಗಾಗಿ ಹಳದಿ ತುಕ್ಕಿನ ಚಿತ್ರವಿರುವ ಜಾಹೀರಾತು ನೋಡಿ ಔಷಧಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಭಂಡಾರ ಎಲ್ಲಿಂದ ಬರುತ್ತದೆ ಎಂಬುದು ತಿಳಿದಿದ್ದರೂ ಸ್ವಲ್ಪ ಖರ್ಚು ಉಳಿಯುತ್ತದೆ. ಈ ಶಿಲೀಂಧ್ರ ಜೀವಂತ ಗಿಡದ ಮೇಲಷ್ಟೇ ಬದುಕುತ್ತದೆ, ನಮ್ಮ ಬೇಸಿಗೆಯನ್ನು ದಾಟುವುದಿಲ್ಲ. ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಉಳಿದುಕೊಂಡು, ಹಿಂಗಾರಿನ ಗಾಳಿ-ಮಳೆಯ ಜೊತೆ ಪ್ರತಿ ವರ್ಷ ಹೊಸದಾಗಿ ಬಯಲಿಗೆ ಬರುತ್ತದೆ. ಆದ್ದರಿಂದ ಭಂಡಾರ ತಪ್ಪಲಿ ಎಂದು ಗೋಧಿ ಕೂಳೆಗೆ ಬೆಂಕಿ ಹಚ್ಚಿದರೆ ಮಣ್ಣು ಸುಡುವುದೇ ಹೊರತು ರೋಗ ತಪ್ಪುವುದಿಲ್ಲ. ಅಂಗಮಾರಿಯ ಮಾತು ಬೇರೆ. ಅದು ಬೀಜದಲ್ಲೂ ಹೊಲದಲ್ಲಿ ಉಳಿದ ಕೂಳೆ-ಹುಲ್ಲಿನಲ್ಲೂ ಉಳಿಯುತ್ತದೆ. ಅಲ್ಲಿ ಬೀಜೋಪಚಾರ, ಬೆಳೆ ಬದಲಾವಣೆ, ಕೂಳೆಯನ್ನು ಮಣ್ಣಿಗೆ ಸೇರಿಸುವುದು ಎಲ್ಲವೂ ಕೆಲಸ ಮಾಡುತ್ತವೆ. ಕಾರ್ಬಾಕ್ಸಿನ್-ಥೈರಾಮ್ ಮಿಶ್ರಣವನ್ನು ಕೆಜಿ ಬೀಜಕ್ಕೆ 2ರಿಂದ 3 ಗ್ರಾಂ ಸವರಿದರೆ ಕಾಡಿಗೆ ರೋಗವೂ ಅಲ್ಲಿಗೇ ನಿಲ್ಲುತ್ತದೆ. ತೆನೆ ಕಪ್ಪಾದ ಮೇಲೆ ಕಾಡಿಗೆಗೆ ಯಾವ ಔಷಧಿ ಹೊಡೆದರೂ ಉಪಯೋಗವಿಲ್ಲ. ಬೀಜೋಪಚಾರದ ಖರ್ಚು ಎಕರೆಗೆ ಬಹಳ ಕಡಿಮೆ, ಇದನ್ನು ಮಾತ್ರ ಬಿಡಬಾರದು.

ಇನ್ನು ಪ್ರೊಪಿಕೊನಜೋಲ್. ಇದು ಎಲೆಯೊಳಗೆ ಇಳಿಯುವ ಔಷಧಿ. ಒಳಗಿಳಿದ ಮೇಲೆ ನೀರಿನ ಜೊತೆ ಮೇಲ್ಮುಖವಾಗಿ ಎಲೆತುದಿಯ ಕಡೆಗೆ ಸಾಗುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ, ಒಂದು ಎಲೆಯಿಂದ ಇನ್ನೊಂದಕ್ಕೆ ಹಾರುವುದೂ ಇಲ್ಲ. ಹಾಗಾಗಿ ಹನಿ ಬೀಳದ ಎಲೆಗೆ ರಕ್ಷಣೆಯಿಲ್ಲ. ರೋಗ ಹತ್ತಿ ಕೆಲವೇ ದಿನವಾಗಿದ್ದರೆ ಒಳಗಿನ ಬೆಳವಣಿಗೆಯನ್ನೂ ತಡೆಯುತ್ತದೆ. ಆದರೆ ಒಡೆದ ಗುಳ್ಳೆಯನ್ನು ಮಾಯ ಮಾಡುವ ಶಕ್ತಿ ಇದಕ್ಕಿಲ್ಲ, ಯಾವ ಔಷಧಿಗೂ ಇಲ್ಲ. ಹೊಡೆದ ನಾಲ್ಕನೇ ದಿನಕ್ಕೆ ಹೊಲಕ್ಕೆ ಹೋಗಿ 'ಕಂದು ಹಾಗೇ ಇದೆ' ಎಂದು ಎರಡನೇ ಬಾಟಲಿ ತರುವುದು ಇದನ್ನು ಅರಿಯದೆ. ರೋಗ ಒಳಹೊಕ್ಕು ಗುಳ್ಳೆ ಕಾಣಿಸಲು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ಹೊಡೆದು ಹತ್ತು-ಹನ್ನೆರಡು ದಿನವಾದ ಮೇಲೆ ಮೇಲಿನ ಎರಡು ಎಲೆ ನೋಡಿ. ಅಲ್ಲಿ ಹೊಸ ಗುಳ್ಳೆ ಇಲ್ಲದೆ, ಹಳೆಯ ಗುಳ್ಳೆ ಒಣಗಿ ಬಟ್ಟೆಗೆ ಪುಡಿ ಹತ್ತದಿದ್ದರೆ ಔಷಧಿ ಕೆಲಸ ಮಾಡಿದೆ ಎಂದರ್ಥ.

ಪ್ರಮಾಣದ ವಿಷಯಕ್ಕೆ ಬಂದರೆ, ಲೇಬಲ್ ಹೇಳುವುದು ಹೆಕ್ಟೇರಿಗೆ 500 ಮಿಲಿ, 750 ಲೀಟರ್ ನೀರಿನಲ್ಲಿ. ಅಂದರೆ ಎಕರೆಗೆ 200 ಮಿಲಿ, 300 ಲೀಟರ್ ನೀರು. ಬಾಯಿಮಾತಿನಲ್ಲಿ ಇದು 'ಲೀಟರಿಗೆ ಒಂದು ಮಿಲಿ' ಆಗಿಬಿಟ್ಟಿದೆ, ತಪ್ಪು ಹುಟ್ಟುವುದೂ ಇಲ್ಲೇ. ಕೂಲಿ ಉಳಿಸಲೆಂದು ಎಕರೆಯನ್ನು 16 ಲೀಟರಿನ ಐದಾರು ಪಂಪಿನಲ್ಲಿ ಮುಗಿಸುತ್ತಾರೆ. ಪಂಪಿಗೆ 15 ಮಿಲಿ ಹಾಕಿದ ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಆದರೆ ಎಕರೆಗೆ ಬಿದ್ದದ್ದು 75ರಿಂದ 90 ಮಿಲಿ, ಅಂದರೆ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಆಮೇಲೆ ಬೈಗುಳ ತಿನ್ನುವುದು ಔಷಧಿ. ಸರಿಯಾದ ದಾರಿ ಇಷ್ಟೇ: ಮೊದಲು ಬರೀ ನೀರು ತುಂಬಿ, ಹೊಡೆಯುವ ಆಳಿನ ಮಾಮೂಲಿ ನಡಿಗೆಯಲ್ಲೇ ಐದು ಗುಂಟೆ ಹೊಡೆಸಿ. ಎಷ್ಟು ಲೀಟರ್ ಹೋಯಿತೋ ಅದನ್ನು ಎಂಟರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಗುತ್ತದೆ. 200 ಲೀಟರಿಗಿಂತ ಕಡಿಮೆ ಬಂದರೆ ನಡಿಗೆ ನಿಧಾನವಾಗಬೇಕು. 16 ಲೀಟರಿನ ಪಂಪು ಎಕರೆಗೆ ಹನ್ನೆರಡೂವರೆ ಹೋಗುವುದಾದರೆ ಪಂಪಿಗೆ 16 ಮಿಲಿ, 20 ಲೀಟರಿನ ಪಂಪು ಹತ್ತು ಹೋಗುವುದಾದರೆ 20 ಮಿಲಿ. ಒಟ್ಟು 200 ಮಿಲಿ ಬೀಳಬೇಕು, ಅದೇ ಮುಖ್ಯ. ಅಳೆಯಲು ಬಾಟಲಿಯ ಮುಚ್ಚಳ ನಂಬಬೇಡಿ, ಮೆಡಿಕಲ್ ಅಂಗಡಿಯ ಸೂಜಿಯಿಲ್ಲದ 20 ಮಿಲಿ ಸಿರಿಂಜು ತನ್ನಿ. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂಬುದೂ ಸುಳ್ಳು. ದುಪ್ಪಟ್ಟು ಹಾಕಿ ಮಟಮಟ ಮಧ್ಯಾಹ್ನ ಹೊಡೆದರೆ ಎಲೆತುದಿ ಸುಡುತ್ತದೆ.

ಬಾಟಲಿ ತಂದ ದಿನವೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಗಾಜಿನ ಲೋಟದ ಸ್ವಚ್ಛ ನೀರಿಗೆ ಕೆಲವು ಹನಿ ಬಿಡಿ, ಕಲಕಬೇಡಿ. ಒಳ್ಳೆಯ ಇಸಿ ಔಷಧಿ ಬಿದ್ದ ಕೂಡಲೇ ಬಿಳಿ ಹೊಗೆಯಂತೆ ಹರಡಿ, ಒಮ್ಮೆ ತಿರುವಿದರೆ ಹಾಲಿನಂತಾಗುತ್ತದೆ. ಅರ್ಧ ಗಂಟೆ ಬಿಟ್ಟರೂ ಮೇಲೆ ಎಣ್ಣೆ ತೇಲಬಾರದು, ತಳದಲ್ಲಿ ಕೆನೆ ಕೂರಬಾರದು. ಹಾಗಾದರೆ ಬಾಟಲಿ ಹಳತು ಅಥವಾ ಕಲಬೆರಕೆ, ಬಿಲ್ಲಿನ ಸಮೇತ ವಾಪಸು ಮಾಡಿ. ಬಿಲ್ಲಿನಲ್ಲಿ ಬ್ಯಾಚ್ ನಂಬರು ಬರೆಸಿಕೊಂಡಿರದಿದ್ದರೆ ಅಂಗಡಿಯವರು ಕೈ ಎತ್ತುತ್ತಾರೆ.

ಯಾವಾಗ ಹೊಡೆಯಬೇಕು? ಕಾಳು ತುಂಬಿಸುವ ದೊಡ್ಡ ಪಾಲಿನ ಕೆಲಸ ತೆನೆಯ ಕೆಳಗಿನ ಕೊನೆಯ ಎಲೆಯದ್ದು, ಅಂದರೆ ಧ್ವಜ ಎಲೆಯದ್ದು. ಆ ಎಲೆ ಪೂರ್ತಿ ಬಿಚ್ಚಿಕೊಂಡಾಗಿನಿಂದ ತೆನೆ ಹೊರಬರುವವರೆಗಿನ ಅವಧಿಯೇ ಹದ. ನವೆಂಬರ್ ಮೊದಲ ಪಾಕ್ಷಿಕದಲ್ಲಿ ಬಿತ್ತಿದ ಗೋಧಿಗೆ ಇದು ಸುಮಾರು 50ರಿಂದ 65 ದಿನದ ಹೊತ್ತಿಗೆ ಬರುತ್ತದೆ. ಕೆಳಗಿನ ಎಲೆಗಳಲ್ಲಿ ಅಲ್ಲಲ್ಲಿ ಗುಳ್ಳೆ ಕಂಡಿದ್ದು, ಬೆಳಿಗ್ಗೆ ಇಬ್ಬನಿ ಬಹಳ ಹೊತ್ತು ನಿಲ್ಲುತ್ತಿದ್ದರೆ ತಡ ಮಾಡಬೇಡಿ. 40 ದಿನಕ್ಕೆ, ರೋಗದ ಸುಳಿವೇ ಇಲ್ಲದಾಗ ಮುಂಜಾಗ್ರತೆಗೆಂದು ಹೊಡೆದರೆ ಆ ಔಷಧಿ ಇನ್ನೂ ಹುಟ್ಟದ ಧ್ವಜ ಎಲೆಗೆ ಸಿಗುವುದೇ ಇಲ್ಲ. ಕಾಳು ಹಿಟ್ಟು ಕಟ್ಟಿದ ಮೇಲೆ ಹೊಡೆಯುವುದೂ ವ್ಯರ್ಥ. ಮೇಲಾಗಿ ಹೊಡೆದ ದಿನಕ್ಕೂ ಕೊಯ್ಲಿಗೂ 30 ದಿನ ಅಂತರ ಇರಲೇಬೇಕು.

ಖರ್ಚನ್ನು ತೂಗುವುದು ಸುಲಭ. 200 ಮಿಲಿಯ ಬೆಲೆಗೆ ಕೂಲಿ, ಪಂಪಿನ ಬಾಡಿಗೆ ಸೇರಿಸಿ, ಬಂದ ಮೊತ್ತವನ್ನು ಗೋಧಿಯ ದರದಿಂದ ಭಾಗಿಸಿ. ಎಲ್ಲ ಸೇರಿ ಎಕರೆಗೆ 700 ರೂಪಾಯಿ ಆಯಿತು ಎಂದಿಟ್ಟುಕೊಳ್ಳೋಣ. 2025-26ರ ಮಾರಾಟ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 2,425 ರೂಪಾಯಿ ಇತ್ತು. ಆ ಲೆಕ್ಕಕ್ಕೆ ಸುಮಾರು 29 ಕೆಜಿ ಗೋಧಿ ಉಳಿದರೆ ಅಸಲು ಬಂದಂತೆ. ಎಕರೆಗೆ 12 ಕ್ವಿಂಟಲ್ ಬರುವ ಹೊಲದಲ್ಲಿ ಇದು ಶೇ 2.5 ಕೂಡ ಆಗುವುದಿಲ್ಲ. ರೋಗ ಬೀಳುವ ತಳಿಯಲ್ಲಿ ತೆನೆ ಬರುವ ಮೊದಲೇ ಭಂಡಾರ ಹತ್ತಿದ್ದರೆ ನಷ್ಟ ಇದರ ಹಲವು ಪಟ್ಟು ಆಗುತ್ತದೆ. ಆದರೆ ನಾಲ್ಕು ಕ್ವಿಂಟಲಿನ ಮಳೆಯಾಶ್ರಿತ ಹೊಲಕ್ಕೆ ಅದೇ 29 ಕೆಜಿ ಶೇ 7ರಷ್ಟಾಗುತ್ತದೆ. ಡಿಸೆಂಬರಿನ ಒಣ ಹವೆಯಲ್ಲಿ ರೋಗವೂ ಅಷ್ಟಾಗಿ ಏಳುವುದಿಲ್ಲ. ಅಲ್ಲಿ ಕೈ ಬಿಗಿ ಹಿಡಿಯುವುದೇ ಜಾಣತನ.

ಎಂ-45 ಎಂದೇ ಊರೂರಿಗೂ ಗೊತ್ತಿರುವ ಮ್ಯಾಂಕೋಜೆಬ್ 75 ಡಬ್ಲ್ಯುಪಿ (ನೀರಿನಲ್ಲಿ ಕದಡುವ ಪುಡಿ) ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. ಪೊಟ್ಟಣದ ಬೆಲೆ ನೋಡಿದರೆ ಹೌದು. ಆದರೆ ಅದು ಎಲೆಯ ಮೇಲಷ್ಟೇ ಕೂರುವ ಔಷಧಿ, ಒಳಹೊಕ್ಕ ರೋಗವನ್ನು ಮುಟ್ಟುವುದಿಲ್ಲ. ಎಕರೆಗೆ 600ರಿಂದ 800 ಗ್ರಾಂ ಬೇಕು. ಗೋಧಿ ಎಲೆ ಮೇಣದಂತಿರುವುದರಿಂದ ಅಂಟು ದ್ರಾವಣ ಬೆರೆಸದಿದ್ದರೆ ಹನಿ ಜಾರಿ ನೆಲ ಸೇರುತ್ತದೆ. ಹತ್ತು-ಹನ್ನೆರಡು ದಿನಕ್ಕೊಮ್ಮೆ ಎರಡು-ಮೂರು ಸಲ ಹೊಡೆಯಬೇಕು, ಅಷ್ಟೂ ಸಲ ಕೂಲಿ ಕೊಡಬೇಕು. ಅಂಗಮಾರಿ ಈಗಷ್ಟೇ ಕಾಣುತ್ತಿದ್ದು ಮನೆಮಂದಿಯೇ ಹೊಡೆಯುವುದಾದರೆ ಇದು ಸರಿ. ಆಳಿಟ್ಟು ಹೊಡೆಸುವವರಿಗೆ ಒಮ್ಮೆ ಹೊಡೆದು ಮುಗಿಸುವ ಪ್ರೊಪಿಕೊನಜೋಲೇ ಅಗ್ಗ ಬೀಳುತ್ತದೆ. ಇನ್ನೊಂದು ತುದಿಯಲ್ಲಿ ನೇಟಿವೋ, ಅಮಿಸ್ಟಾರ್ ಟಾಪ್‌ನಂಥ ಜೋಡಿ ಔಷಧಿಗಳಿವೆ. ಒಳ್ಳೆಯವೇ, ಹೆಚ್ಚು ದಿನ ಕಾಯುತ್ತವೆ. ಹಳದಿ ತುಕ್ಕು ವಾರಗಟ್ಟಲೆ ಕಾಡುವ ಉತ್ತರದ ಸೀಮೆಗೆ ಆ ದುಡ್ಡು ಸಲ್ಲುತ್ತದೆ. ಫೆಬ್ರುವರಿಯ ಬಿಸಿಲಿಗೆ ತಾನೇ ಹಣ್ಣಾಗುವ ನಮ್ಮ ಗೋಧಿಗೆ ಆ ಹೆಚ್ಚುವರಿ ದಿನಗಳ ಕಾವಲು ಬೇಕಾಗುವುದು ಅಪರೂಪ. ಜೊತೆಗೆ ಕಟ್ಟಿಕೊಡುವ 'ಟಾನಿಕ್' ಬಗ್ಗೆ ಹೇಳುವುದೇನೂ ಇಲ್ಲ, ಬೇಡವೆನ್ನಿ.

ಎಲ್ಲಕ್ಕಿಂತ ಅಗ್ಗದ ಔಷಧಿ ಬೀಜದ ಚೀಲದಲ್ಲಿದೆ. ಲೋಕ್-1ರಂಥ ಹಳೆಯ ತಳಿ ಬಿತ್ತಿದವರು ಭಂಡಾರಕ್ಕೆ ಸಿದ್ಧರಾಗಿಯೇ ಇರಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಯುಎಎಸ್-304, ಪುಣೆಯ ಎಂಎಸಿಎಸ್-6222ರಂಥ ತಳಿಗಳನ್ನು ಭಂಡಾರ ತಡೆಯುವ ಗುಣವನ್ನೂ ನೋಡಿಯೇ ಆರಿಸಿದ್ದು. ಅಂಥ ಹೊಲದಲ್ಲಿ ಒಂದೆರಡು ಗುಳ್ಳೆ ಕಂಡರೆ ವಾರ ಕಾದು ನೋಡಬಹುದು, ಮೇಲಿನ ಎಲೆಗೆ ಏರದಿದ್ದರೆ ಬಾಟಲಿ ಬೇಡ. ರೋಗದ ಹೊಸ ಬಗೆಗಳು ಹುಟ್ಟಿ ತಳಿಯ ಶಕ್ತಿ ವರ್ಷ ಕಳೆದಂತೆ ಕುಂದುವುದುಂಟು, ಹಾಗಾಗಿ ಹೊಲ ನೋಡುವುದನ್ನು ಮಾತ್ರ ಬಿಡುವಂತಿಲ್ಲ. ಯೂರಿಯಾ ಸುರಿದು ಹಸಿರು ಕಪ್ಪಗೆ ಮಾಡಿದ ಹೊಲಕ್ಕೂ, ಡಿಸೆಂಬರಿಗೆ ತಳ್ಳಿದ ಬಿತ್ತನೆಗೂ ರೋಗ ಹೆಚ್ಚು. ತಡವಾದ ಗೋಧಿ ಬಿಸಿ ಏರುವ ಹೊತ್ತಿಗೆ ಇನ್ನೂ ಹಸಿರಾಗಿರುತ್ತದೆ, ಕಾಂಡ ಭಂಡಾರಕ್ಕೆ ಬೇಕಾದದ್ದೂ ಅದೇ.

ಖಪ್ಲಿ, ಸದಕ, ಜವೆ ಎಂದು ಕರೆಯುವ ಗೋಧಿ ಬೆಳೆಯುವವರು ಈ ಔಷಧಿಯನ್ನು ಕೊಳ್ಳಲೇಬೇಡಿ. ಡಿಡಿಕೆ-1025, ಡಿಡಿಕೆ-1029ರಂಥ ತಳಿಗಳು ಭಂಡಾರವನ್ನು ತಾವೇ ತಾಳಿಕೊಳ್ಳುತ್ತವೆ. ಅದೂ ಅಲ್ಲದೆ ಆ ಗೋಧಿಗೆ ಒಳ್ಳೆಯ ದರ ಸಿಗುವುದೇ ಸಾವಯವದ ಹೆಸರಿನಲ್ಲಿ. ಐರೋಪ್ಯ ಒಕ್ಕೂಟ ಪ್ರೊಪಿಕೊನಜೋಲ್‌ನ ಅನುಮತಿಯನ್ನು 2018ರಲ್ಲಿ ನವೀಕರಿಸಲಿಲ್ಲ. ರಫ್ತಿಗೆ ಕೊಡುವವರ ಕಾಳಿನಲ್ಲಿ ಇದರ ಅಂಶ ಸಿಕ್ಕರೆ ಸರಕು ವಾಪಸು ಬರಬಹುದು.

ಹೊಡೆಯುವಾಗ ಕಳೆನಾಶಕದ ಚಪ್ಪಟೆ ನಾಜಲ್ ತೆಗೆದು, ಸಣ್ಣ ಹನಿ ಚೆಲ್ಲುವ ಟೊಳ್ಳು ಶಂಕುವಿನ ನಾಜಲ್ ಹಾಕಿ. ಅದೇ ಪಂಪಿನಲ್ಲಿ ಮೊದಲು 2,4-ಡಿ ಕಳೆನಾಶಕ ಹೊಡೆದಿದ್ದರೆ ಸೋಪಿನ ಪುಡಿಯ ನೀರಿನಿಂದ ಪೈಪು, ನಾಜಲ್ ಸಮೇತ ಎರಡು-ಮೂರು ಸಲ ತೊಳೆಯಿರಿ. ಹೊಡೆಗೆ ಬಂದ (ತೆನೆ ಇನ್ನೂ ಎಲೆಬುಡದೊಳಗಿರುವ) ಗೋಧಿಗೆ 2,4-ಡಿ ತಾಗಿದರೆ ತೆನೆ ತಿರುಚಿಕೊಳ್ಳುತ್ತದೆ, ಪಕ್ಕದ ಕಡಲೆ ಹೊಲವಂತೂ ಅದರ ಗಾಳಿಗೇ ಮುರುಟುತ್ತದೆ. ಪಂಪಿಗೆ ಅರ್ಧ ನೀರು ತುಂಬಿ, ಔಷಧಿ ಹಾಕಿ, ಮತ್ತೆ ನೀರು ತುಂಬಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಇದು ಚರ್ಮಕ್ಕೆ ತಾಗಿದರೆ ಕೆಲವರಿಗೆ ಕಡಿತ ಏಳುತ್ತದೆ. ಮೀನಿಗೆ ವಿಷ, ಆದ್ದರಿಂದ ಪಂಪನ್ನು ಹಳ್ಳ, ಕಾಲುವೆಯಲ್ಲಿ ತೊಳೆಯಬೇಡಿ. ಒಂದು ಎಕರೆಗೆ 250 ಮಿಲಿ ಬಾಟಲಿ ಕೊಂಡರೆ 50 ಮಿಲಿ ಮಿಕ್ಕುತ್ತದೆ. ಅಕ್ಕಪಕ್ಕದ ಹೊಲದವರು ಸೇರಿ ಲೀಟರ್ ಬಾಟಲಿ ಕೊಂಡರೆ ಐದು ಎಕರೆಗೆ ಸರಿಹೋಗುತ್ತದೆ, ಮಿಲಿ ಲೆಕ್ಕದಲ್ಲಿ ದರವೂ ಇಳಿಯುತ್ತದೆ. ಅದಕ್ಕೂ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ, ಸಸ್ಯ ಸಂರಕ್ಷಣಾ ಔಷಧಿಗಳು ಅಲ್ಲಿ ರಿಯಾಯಿತಿಯಲ್ಲಿ ಸಿಗುವುದುಂಟು.