ಪ್ಲೇಗ್ ಹುಡುಕಲು ಹೋಗಿ ಕಾದಂಬರಿಗೆ ಬಂದೆ: ಜೇಸ್ಟೋರ್‌ನ ಉಚಿತ ಖಾತೆ ಬಗ್ಗೆ

ನಾನು ಯಾವ ಯೂನಿವರ್ಸಿಟಿಯಲ್ಲೂ ಇಲ್ಲ. ಪಾಠ ಹೇಳುವ ಕೆಲಸವೂ ಅಲ್ಲ, ಪಿಎಚ್‌ಡಿಯೂ ಇಲ್ಲ. ಸುಮ್ನೆ ಓದುವ ಚಟ, ಅಷ್ಟೇ. ಜೇಸ್ಟೋರ್ ಅಂದರೆ ಜರ್ನಲ್‌ಗಳನ್ನು, ಅಂದರೆ ವಿದ್ವಾಂಸರ ಲೇಖನಗಳು ಬರುವ ಪತ್ರಿಕೆಗಳನ್ನು, ಕೂಡಿಟ್ಟ ಒಂದು ಅಂತರ್ಜಾಲ ತಾಣ. ನನ್ನಂಥವರಿಗೆ ಜೇಸ್ಟೋರ್‌ನ ಉಚಿತ ಖಾತೆ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ. ಎರಡು ವರ್ಷದಿಂದ ಬಳಸುತ್ತಿದ್ದೇನೆ, ಹಾಗಾಗಿ ಮೊದಲ ವಾರದ ಖುಷಿಯಲ್ಲಿ ಬರೆದದ್ದಲ್ಲ.

ಮೊದಲು ಲೆಕ್ಕಾಚಾರ ಮುಗಿಸಿಬಿಡೋಣ. ಇಮೇಲ್ ಕೊಟ್ಟು ಖಾತೆ ತೆರೆದರೆ 30 ದಿನಕ್ಕೆ 100 ಲೇಖನ ಪರದೆಯ ಮೇಲೆ ಓದಬಹುದು. ಹಾಗೆ ಓದುವ ಲೇಖನಗಳನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಲು ಆಗುವುದಿಲ್ಲ. ಎಲ್ಲ ಜರ್ನಲ್‌ಗಳೂ ಈ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಬರುವವೇ ಬೇಕಾದಷ್ಟಿವೆ. ತಿಂಗಳಿಗೆ 100 ಸಾಲದು ಅನ್ನುವವರನ್ನು ನೋಡಿದ್ದೇನೆ. 20 ಲೇಖನ ಕೊನೆತನಕ ಓದಿದ ತಿಂಗಳು ನಾನು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಜೇಸ್ಟೋರ್ ಶುರುವಾಗಿದ್ದೇ ಕಪಾಟಿನ ಸಮಸ್ಯೆಯಿಂದ. ಹಳೆಯ ಜರ್ನಲ್‌ಗಳನ್ನು ಇಟ್ಟುಕೊಳ್ಳಲು ಕಾಲೇಜು ಲೈಬ್ರರಿಗಳಲ್ಲಿ ಜಾಗವೇ ಸಾಲುತ್ತಿರಲಿಲ್ಲ. ಆಗ ಅಮೆರಿಕದ ಮೆಲನ್ ಫೌಂಡೇಶನ್ ಅನ್ನುವ ದತ್ತಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ವಿಲಿಯಂ ಬೋವೆನ್, ಎಲ್ಲರೂ ಒಂದೇ ಪ್ರತಿಯನ್ನು ಕಂಪ್ಯೂಟರ್‌ನಲ್ಲಿ ಹಂಚಿಕೊಂಡರೆ ಹೇಗೆ ಅಂತ ಯೋಚಿಸಿದರು. 1995ರಲ್ಲಿ ಅದು ಲಾಭಕ್ಕಾಗಿ ಅಲ್ಲದ ಸಂಸ್ಥೆಯಾಯಿತು. ಮೊದಲು ಇದ್ದದ್ದು ಹತ್ತೇ ಹತ್ತು ಜರ್ನಲ್, ಅದೂ ಅರ್ಥಶಾಸ್ತ್ರ ಮತ್ತು ಇತಿಹಾಸ ಮಾತ್ರ. ಜರ್ನಲ್ ಸ್ಟೋರೇಜ್ ಅನ್ನುವುದನ್ನು ಚಿಕ್ಕದು ಮಾಡಿ ಜೇಸ್ಟೋರ್. ಈಗ ಗಣಿತದಿಂದ ಸಂಗೀತದವರೆಗೆ ಎಲ್ಲ ಇದೆ. ಆದರೆ ‘ಎಲ್ಲ ಇದೆ’ ಅನ್ನುವ ಮಾತು ಎಲ್ಲ ತಾಣಗಳೂ ಹೇಳುತ್ತವೆ, ಅಲ್ವಾ? ಅದಕ್ಕೇ ಒಂದು ವಿಷಯ ಹಿಡಿದು ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ನೋಡೋಣ ಅಂತ ಹೊರಟೆ. ನಾನು ಹಿಡಿದದ್ದು 1665ರ ಲಂಡನ್ ಪ್ಲೇಗ್.

ಆಗ ಲಂಡನ್‌ನಲ್ಲಿ ವಾರವಾರ ಸಾವಿನ ಪಟ್ಟಿ ಅಚ್ಚಾಗುತ್ತಿತ್ತು. ಯಾವ ಚರ್ಚಿನ ಹದ್ದಿನಲ್ಲಿ ಎಷ್ಟು ಜನ, ಯಾವ ಕಾಯಿಲೆಯಿಂದ ಸತ್ತರು ಅನ್ನುವ ಪಟ್ಟಿ. 1665ರ ಪಟ್ಟಿಗಳನ್ನು ಕೂಡಿದರೆ ಪ್ಲೇಗ್‌ನಿಂದ ಸತ್ತವರು 68,596. ಈ ಒಂದು ಸಂಖ್ಯೆಯ ಬಾಲ ಹಿಡಿದು ನಾನು ಮೂರು ವಾರ ಸುತ್ತಿದೆ.

ಮೊದಲು ಸಿಕ್ಕಿದವರು ಸಾರ್ವಜನಿಕ ಆರೋಗ್ಯದವರು. ಅವರಿಗೆ ಈ ಪಟ್ಟಿಗಳು ಹಿರಿಯರ ಆಸ್ತಿ ಇದ್ದ ಹಾಗೆ. ಜಾನ್ ಗ್ರಾಂಟ್ ಅಂತ ಒಬ್ಬ, ಗುಂಡಿ ದಾರ ಮಾರುವ ವ್ಯಾಪಾರಿ, ಡಾಕ್ಟರ್ ಅಲ್ಲ ಏನಲ್ಲ, ಇಂಥ ಪಟ್ಟಿಗಳನ್ನೆಲ್ಲ ಒಟ್ಟು ಹಾಕಿ ಕೂಡಿ ಕಳೆದು 1662ರಲ್ಲಿ ಒಂದು ಪುಸ್ತಕ ತಂದ. ಹುಟ್ಟುವ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ಸ್ವಲ್ಪ ಜಾಸ್ತಿ ಅಂತ ಲೆಕ್ಕ ಹಾಕಿ ತೋರಿಸಿದ. ಜನಸಂಖ್ಯೆಯ ಅಧ್ಯಯನ ಅಂದರೆ ಇವತ್ತಿಗೂ ಅವನ ಹೆಸರಿನಿಂದಲೇ ಶುರು. ಆರೋಗ್ಯದವರ ಪ್ರಶ್ನೆ ನೇರ: ಲೆಕ್ಕ ಎಷ್ಟು ಸರಿ? ಈಗಿನವರ ಅಂದಾಜು ಒಂದು ಲಕ್ಷದ ಹತ್ತಿರ ಇದೆ. ಹಾಗಾದರೆ ಉಳಿದವರು ಎಲ್ಲಿ ಹೋದರು?

ಇಲ್ಲಿ ಇತಿಹಾಸದವರು ಬರುತ್ತಾರೆ. ಹೆಣ ನೋಡಿ ಕಾಯಿಲೆ ಯಾವುದು ಅಂತ ಹೇಳುತ್ತಿದ್ದವರು ಯಾರು ಗೊತ್ತಾ? ವಯಸ್ಸಾದ ಬಡ ಹೆಂಗಸರು. ಅವರನ್ನು ಸರ್ಚರ್ಸ್ ಅಂತ ಕರೆಯುತ್ತಿದ್ದರು. ಪ್ಲೇಗ್ ಅಂತ ಬರೆಸಿದರೆ ಮನೆಗೆ ಬೀಗ, ಒಳಗಿದ್ದವರೆಲ್ಲ ಬಂದಿ. ಹಾಗಾಗಿ ಬೇರೆ ಕಾಯಿಲೆ ಹೇಳಿ ಅಂತ ಕೈ ಬಿಸಿ ಮಾಡುವವರು ಇದ್ದೇ ಇರುತ್ತಿದ್ದರು. ಲಂಚ ಮತ್ತು ಕುಡಿತದಿಂದ ಕಾಯಿಲೆಯ ಹೆಸರು ಬದಲಾಗುತ್ತದೆ ಅಂತ ಗ್ರಾಂಟ್‌ನೇ ಗೊಣಗಿದ್ದಾನೆ, ಅವನು ಹೇಳಿದ್ದು ಗುಹ್ಯರೋಗದ ಸಾವುಗಳ ಬಗ್ಗೆ. ಸಂಖ್ಯೆಯ ಹಿಂದೆ ಒಬ್ಬ ಮುದುಕಿ ನಿಂತಿದ್ದಾಳೆ ಅಂತ ಗೊತ್ತಾದ ಮೇಲೆ ಆ 68,596ನ್ನು ಮೊದಲಿನ ಹಾಗೆ ಓದಲು ನನಗೆ ಆಗಲಿಲ್ಲ.

ಮೂರನೆಯವರು ಸಾಹಿತ್ಯದವರು. ಇವರನ್ನು ನಾನು ಹುಡುಕಿರಲೇ ಇಲ್ಲ, ಅದೇ ಹುಡುಕಾಟದಲ್ಲಿ ತಾವಾಗೇ ಬಂದು ಕೂತಿದ್ದರು. ಇಂಗ್ಲಿಷ್ ಕಾದಂಬರಿಕಾರ ಡೇನಿಯಲ್ ಡೆಫೊ 1722ರಲ್ಲಿ ಆ ಪ್ಲೇಗ್ ವರ್ಷದ ದಿನಚರಿ ಅನ್ನುವಂಥ ಒಂದು ಪುಸ್ತಕ ತಂದ. ಊರು ಬಿಡದೆ ಲಂಡನ್‌ನಲ್ಲೇ ಇದ್ದ ಒಬ್ಬ ನಾಗರಿಕ ಬರೆದದ್ದು ಅಂತ ಅದರ ಮುಖಪುಟದಲ್ಲೇ ಇತ್ತು. ನಿಜ ಏನಪ್ಪಾ ಅಂದರೆ 1665ರಲ್ಲಿ ಡೆಫೊಗೆ ಸುಮಾರು ಐದು ವರ್ಷ. ಆದರೂ ಬಹಳ ಕಾಲ ಜನ ಅದನ್ನು ಕಣ್ಣಾರೆ ಕಂಡವನ ಬರಹ ಅಂತಲೇ ನಂಬಿದ್ದರು. ಮಜಾ ಏನು ಅಂದರೆ ಅದೇ ಸಾವಿನ ಪಟ್ಟಿಗಳನ್ನು ಅವನು ಕಥೆಯ ನಡುವೆ ಹಾಗೇ ತಂದು ಇಡುತ್ತಾನೆ, ಇಟ್ಟು, ಈ ಲೆಕ್ಕ ನಂಬಬೇಡಿ, ನಿಜವಾದ ಸಾವು ಇದಕ್ಕಿಂತ ಜಾಸ್ತಿ ಅಂತ ತನ್ನ ನಿರೂಪಕನ ಬಾಯಲ್ಲಿ ಹೇಳಿಸುತ್ತಾನೆ. ಆರೋಗ್ಯದವರು ಕೇಳಿದ ಪ್ರಶ್ನೆಯನ್ನೇ ಕಾದಂಬರಿಕಾರ 300 ವರ್ಷದ ಹಿಂದೆ ಕೇಳಿಬಿಟ್ಟಿದ್ದ! ಅದನ್ನು ಬರೆಯುವ ಹೊತ್ತಿಗೆ ಭಯವೂ ಹೊಸದಾಗಿತ್ತು. 1720ರಲ್ಲಿ ಫ್ರಾನ್ಸಿನ ಮಾರ್ಸೆಲ್ಸ್‌ಗೆ ಪ್ಲೇಗ್ ಬಂದಿತ್ತು, ಮತ್ತೆ ಇಂಗ್ಲೆಂಡಿಗೆ ಬಂದೀತು ಅಂತ ಎಲ್ಲರೂ ಹೆದರಿದ್ದರು. ಅದು ಕಾದಂಬರಿಯೋ ಇತಿಹಾಸವೋ ಅಂತ ವಿದ್ವಾಂಸರು ಎಳೆದಾಡಿದ್ದು ಓದಲು ಚೆನ್ನಾಗಿದೆ. ಕೆಲವರ ಇಂಗ್ಲಿಷ್ ಮಾತ್ರ ಕಬ್ಬಿಣದ ಕಡಲೆ, ಅಂಥವನ್ನು ಎರಡನೇ ಪುಟಕ್ಕೇ ಮುಚ್ಚಿದೆ.

ನನಗೆ ಜೇಸ್ಟೋರ್ ಇಷ್ಟ ಆಗಿದ್ದು ಇದಕ್ಕೇ. ಮೂರೂ ಗುಂಪು ಒಂದೇ ಫಲಿತಾಂಶದ ಪುಟದಲ್ಲಿ ಅಕ್ಕಪಕ್ಕ ಕೂರುತ್ತವೆ. ವೈದ್ಯಕೀಯ ಲೇಖನ ಹುಡುಕಲು ಪಬ್‌ಮೆಡ್ ಅನ್ನುವ ತಾಣ ಇದೆ, ಅದರ ಆಳವೇ ಬೇರೆ, ಇವತ್ತು ಯಾವುದೋ ಲಸಿಕೆ ಬಗ್ಗೆ ತಿಳಿಯಬೇಕು ಅಂದರೆ ನಾನೂ ಅಲ್ಲಿಗೇ ಹೋಗುತ್ತೇನೆ. ಆದರೆ ಅಲ್ಲಿ ಡೆಫೊ ತಾನಾಗಿ ಎದುರಿಗೆ ಬಂದು ನಿಲ್ಲುವುದು ಅಪರೂಪ. ಗೂಗಲ್ ಸ್ಕಾಲರ್‌ನಲ್ಲಿ ಎಲ್ಲವೂ ಸಿಗುತ್ತದೆ, ಬಾಗಿಲು ತೆರೆದಿದೆಯೋ ಇಲ್ಲವೋ ಅಂತ ಒಂದೊಂದನ್ನೇ ತಟ್ಟಿ ನೋಡಬೇಕು. ಇಲ್ಲಿ ಬಾಗಿಲು ಒಂದೇ.

ಹಳೆಯದು ಬೇಕಿದ್ದರಂತೂ ಹಬ್ಬ. 2011ರಲ್ಲಿ ಅಮೆರಿಕದ 1923ಕ್ಕೂ ಮೊದಲಿನ, ಬೇರೆ ದೇಶಗಳ 1870ಕ್ಕೂ ಮೊದಲಿನ ಜರ್ನಲ್ ಲೇಖನಗಳನ್ನು ಖಾತೆಯೂ ಬೇಡ ಅಂತ ಬಿಟ್ಟುಕೊಟ್ಟರು, ಹತ್ತಿರ ಹತ್ತಿರ ಐದು ಲಕ್ಷ. ಅದರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಜರ್ನಲ್ ಇದೆ. ಅದು ಶುರುವಾಗಿದ್ದು ಕೂಡ 1665ರಲ್ಲೇ. ಪ್ಲೇಗ್ ಕಾಟಕ್ಕೆ ಕೆಲವು ಸಂಚಿಕೆ ಲಂಡನ್ ಬಿಟ್ಟು ಆಕ್ಸ್‌ಫರ್ಡ್‌ನಲ್ಲಿ ಅಚ್ಚಾದವು. ಅದಾಗಿ 230 ವರ್ಷದ ಮೇಲಿನ ಅಮೆರಿಕ ಸರ್ಕಾರದ ‘ಪಬ್ಲಿಕ್ ಹೆಲ್ತ್ ರಿಪೋರ್ಟ್ಸ್’ 1896ರಿಂದ ಮುಂದಕ್ಕೆ ಇದೆ, ತೆರೆದು ನೋಡಿದರೆ ಮತ್ತೆ ಅದೇ: ಯಾವ ಬಂದರಿನಲ್ಲಿ ಎಷ್ಟು ಕಾಲರಾ, ಎಷ್ಟು ಪ್ಲೇಗ್ ಅನ್ನುವ ವಾರದ ಪಟ್ಟಿ.

ಹಳೆ ಅಚ್ಚಿನಲ್ಲಿ ಒಂದು ತಲೆನೋವು ಇದೆ, ಯಾವ ತಾಣಕ್ಕೆ ಹೋದರೂ ತಪ್ಪಿದ್ದಲ್ಲ. ಆಗಿನ ಉದ್ದನೆಯ ‘ಎಸ್’ ಅಕ್ಷರ ‘ಎಫ್’ ತರಹ ಕಾಣುತ್ತದೆ, ಕಂಪ್ಯೂಟರ್ ಕೂಡ ಹಾಗೇ ಓದಿಕೊಳ್ಳುತ್ತದೆ. ‘ಸಿಕ್‌ನೆಸ್’ ಅಂತ ಹುಡುಕಿ ಸಿಗದಿದ್ದರೆ ನಾಚಿಕೊಳ್ಳದೆ ‘ಫಿಕ್‌ನೆಸ್’ ಅಂತ ಕೊಟ್ಟು ನೋಡಿ.

ಹೊಸದು ಬೇಕಾದವರು ಇಲ್ಲಿಗೆ ಬರಬೇಡಿ. ಹೆಚ್ಚಿನ ಜರ್ನಲ್‌ಗಳ ಇತ್ತೀಚಿನ ಮೂರರಿಂದ ಐದು ವರ್ಷದ ಸಂಚಿಕೆಗಳು ಇರುವುದಿಲ್ಲ. ಇದಕ್ಕೆ ‘ಮೂವಿಂಗ್ ವಾಲ್’ ಅನ್ನುತ್ತಾರೆ, ವರ್ಷ ಕಳೆದಂತೆ ಆ ಗೋಡೆಯೂ ಮುಂದೆ ಸರಿಯುತ್ತದೆ. ಇತಿಹಾಸ, ಸಾಹಿತ್ಯಕ್ಕೆ ಐದು ವರ್ಷ ಏನೂ ಅಲ್ಲ. ಆರೋಗ್ಯಕ್ಕೆ ಐದು ವರ್ಷ ಅಂದರೆ ಒಂದು ಯುಗ. ಹೀಗಾಗಿ ಇಲ್ಲಿನ ಆರೋಗ್ಯ ವಿಭಾಗವನ್ನು ನಾನು ಇತಿಹಾಸ ಅಂತಲೇ ಓದುತ್ತೇನೆ.

ಆ ಗೋಡೆಯಾಚೆಗಿನ ಒಂದು ಲೇಖನಕ್ಕೆ ಆಸೆಪಟ್ಟು ಒಮ್ಮೆ ಒಂದು ದೊಡ್ಡ ಪ್ರಕಾಶಕರ ತಾಣದಲ್ಲಿ ದುಡ್ಡು ಕೊಟ್ಟೆ. ತೆರೆದರೆ ಒಂದೂವರೆ ಪುಟದ ಪತ್ರ. ಹಣ ವಾಪಸ್ ಕೇಳಿದ್ದಕ್ಕೆ ಇವತ್ತಿಗೂ ಉತ್ತರವಿಲ್ಲ. ಆಮೇಲಿನಿಂದ ಗೋಡೆ ಸರಿಯುವವರೆಗೆ ಕಾಯುವುದನ್ನು ಕಲಿತಿದ್ದೇನೆ.

ಹೊಸದಾಗಿ ಖಾತೆ ತೆರೆಯುವವರಿಗೆ ಒಂದು ಮಾತು. ಏನೇ ಹುಡುಕಿದರೂ ಅರ್ಧಕ್ಕರ್ಧ ಪುಸ್ತಕ ವಿಮರ್ಶೆಗಳೇ ಬಂದು ಬೀಳುತ್ತವೆ. ಸಿಟ್ಟಾಗಿ ಅವನ್ನು ಫಿಲ್ಟರ್ ಹಾಕಿ ತೆಗೆಯಬೇಡಿ. ಎರಡು ಮೂರು ಪುಟ ಇರುತ್ತವೆ, ಭಾಷೆ ಸುಲಭ, ಒಂದೇ ಪುಸ್ತಕವನ್ನು ಇತಿಹಾಸದವರು ಹೊಗಳಿ ಆರೋಗ್ಯದವರು ತೆಗಳಿದ್ದನ್ನು ಅಕ್ಕಪಕ್ಕ ಇಟ್ಟುಕೊಂಡು ಓದಬಹುದು. ನನ್ನ ಈ ತಿಂಗಳ 100ರಲ್ಲಿ 40 ಅವಕ್ಕೇ ಹೋಗಿವೆ.