ಸೀಮೆಬದನೆಯ ಸೀಮೆಯಲ್ಲಿ ಒಂದು ಭಾನುವಾರದ ಸಂತೆ

ಕೋಸ್ಟ ರಿಕಾದ ಈ ಭಾನುವಾರದ ರೈತರ ಸಂತೆಗೆ ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಅಂಕ ಕರಿಬೇವಿನ ಲೆಕ್ಕದಲ್ಲಿ ಕಳೆದಿದ್ದೇನೆ. ಒಂದು ವರ್ಷ ಹುಡುಕಿದೆ, ಒಂದು ಎಸಳೂ ಸಿಗಲಿಲ್ಲ.

ನಾವು ಉಡುಪಿ ಕಡೆಯವರು. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು. ನಮ್ಮ ಕ್ರೈಸ್ತ ಸಭೆಯ ಸೇವೆಗೆ ಹೊಂಡುರಾಸ್‌ಗೆ ಹೋಗಬೇಕಿತ್ತು. ಅದಕ್ಕೂ ಮೊದಲು ಒಂದು ವರ್ಷ ಕೋಸ್ಟ ರಿಕಾದ ಸಾನ್ ಹೊಸೆಯಲ್ಲಿ ಕೂತು ಸ್ಪ್ಯಾನಿಶ್ ಕಲಿಯಿರಿ ಅಂದರು. ಮಿಷನರಿಗಳು ಭಾಷೆ ಕಲಿಯಲು ಈ ಊರಿಗೆ ಬರುವುದು ಹಳೇ ರೂಢಿ. ನಮ್ಮ ತರಗತಿಯಲ್ಲಿ ನಮ್ಮನ್ನು ಬಿಟ್ಟರೆ ಎಲ್ಲರೂ ಅಮೆರಿಕದವರೇ.

ಮೊದಲ ತಿಂಗಳು ಬರೀ ಗಾಬರಿ. ಬಚ್ಚಲಲ್ಲಿ ಶವರಿನ ತಲೆಯೊಳಗೇ ಕರೆಂಟಿನ ಹೀಟರ್, ಮೇಲೆ ವೈರ್ ಕಾಣುತ್ತಿರುತ್ತದೆ. ನಾನು ಎರಡು ವಾರ ಬಕೆಟ್ ಸ್ನಾನ ಮಾಡಿದೆ. ವಿಳಾಸ ಕೇಳಿದರೆ ರಸ್ತೆಯ ಹೆಸರಿಲ್ಲ, ಮನೆ ನಂಬರಿಲ್ಲ. ‘ಚರ್ಚಿನಿಂದ 200 ಮೀಟರ್ ದಕ್ಷಿಣಕ್ಕೆ, ಆಮೇಲೆ 50 ಪೂರ್ವಕ್ಕೆ’ ಅನ್ನುತ್ತಾರೆ. ಇಲ್ಲಿ 100 ಮೀಟರ್ ಅಂದರೆ ಒಂದು ಅಡ್ಡರಸ್ತೆಯಿಂದ ಇನ್ನೊಂದಕ್ಕೆ ಇರುವ ದೂರ, ಟೇಪ್ ಹಿಡಿದು ಅಳೆದದ್ದಲ್ಲ. ಇದು ಗೊತ್ತಾಗುವಷ್ಟರಲ್ಲಿ ಚಪ್ಪಲಿ ಸವೆದಿತ್ತು. ಪಕ್ಕದ ಮನೆಯವರು ಬಾಗಿಲು ತಟ್ಟುವುದಿಲ್ಲ, ಗೇಟಿನ ಹೊರಗೆ ನಿಂತು ‘ಊಪೆ!’ ಅಂತ ಕೂಗುತ್ತಾರೆ. ಇದೊಂದು ಮಾತ್ರ ಮೊದಲ ದಿನದಿಂದಲೇ ಇಷ್ಟವಾಯಿತು. ನಮ್ಮೂರಲ್ಲೂ ಅಂಗಳದಲ್ಲಿ ನಿಂತು ಕೂಗುವುದೇ ಅಲ್ವಾ?

ಈಗ ಸಂತೆಗೆ ಬರುತ್ತೇನೆ. ಬಸ್ಸಿನ ಮುಂದೆ ಸಂತೆ ನಡೆಯುವ ಊರಿನ ಹೆಸರು ನೋಡಿ ಮಗಳು ನಕ್ಕಳು: ಸಪೋತೆ. ನಮ್ಮ ಸಪೋಟವೇ! ಎರಡೂ ಮೆಕ್ಸಿಕೊದ ನಾವಾತ್ಲ್ ಭಾಷೆಯ ಒಂದೇ ಮಾತಿನಿಂದ ಬಂದವು. ಇಲ್ಲಿ ಸಪೋತೆ ಅಂತ ಮಾರುವ ಹಣ್ಣು ಮಾತ್ರ ಬೇರೆ. ಗಾತ್ರ ದೊಡ್ಡದು, ಒಳಗೆ ಕಿತ್ತಳೆ ಬಣ್ಣ, ನಮ್ಮ ಚಿಕ್ಕುವಿನ ದಾಯಾದಿ ಅನ್ನಬಹುದು. ವರ್ಷದ ಕೊನೆಯಲ್ಲಿ ಇಲ್ಲಿನ ಜಾತ್ರೆ, ಹೋರಿ ಆಟ ನಡೆಯುವ ಮೈದಾನದಲ್ಲೇ ಪ್ರತಿ ಭಾನುವಾರ ರೈತರ ಸಂತೆ. ಫೆರಿಯಾ ದೆಲ್ ಅಗ್ರಿಕುಲ್ತೋರ್ ಅಂತ ಕರೆಯುತ್ತಾರೆ. ಬೆಳೆದವರೇ ನೇರವಾಗಿ ಮಾರಲಿ ಅಂತ 2006ರಲ್ಲಿ ಇದಕ್ಕೆಂದೇ ಕಾನೂನು ಮಾಡಿದ್ದಾರೆ.

ಭಾನುವಾರ ವ್ಯಾಪಾರವಾ ಅಂತ ಅತ್ತೆ ಫೋನಿನಲ್ಲಿ ಗೊಣಗಿದರು. ಆರಾಧನೆ ಇರುವುದು ಹತ್ತಕ್ಕೆ. ನಾವು ಐದೂವರೆಗೇ ಹೋಗಿ ಎಂಟರೊಳಗೆ ಮನೆ ಸೇರುತ್ತಿದ್ದೆವು. ಬೇಗ ಹೋದರೆ ಸೊಪ್ಪಿನ ಮೇಲೆ ಇನ್ನೂ ನೀರ ಹನಿ ಇರುತ್ತದೆ, ಮಾರುವವರಿಗೂ ಮಾತಾಡಲು ಪುರಸೊತ್ತು ಇರುತ್ತದೆ. ನನಗೆ ಬೇಕಾದದ್ದು ಆ ಎರಡನೆಯದು.

ಮೊದಲ ಸಲ ಒಳಗೆ ಕಾಲಿಟ್ಟಾಗ ಅಳು ಬಂತು, ಸುಮ್ನೆ ಹೇಳುತ್ತಿಲ್ಲ. ಮರಗೆಣಸು, ಸಿಹಿಗೆಣಸು, ಪೇರಳೆ, ಪಪ್ಪಾಯಿ, ಕೆಸುವಿನ ಗೆಡ್ಡೆ, ಎಲ್ಲ ರಾಶಿ ರಾಶಿ. ಬೊಂಡಕ್ಕೆ, ಅಂದರೆ ಎಳನೀರಿಗೆ, ಇಲ್ಲಿ ‘ಪೀಪಾ’ ಅಂತಾರೆ. ಆಮೇಲೆ ಒಂದು ಮೇಜಿನ ತುಂಬ ಸೀಮೆಬದನೆ. ತಮಿಳರು ಇದನ್ನು ಬೆಂಗಳೂರು ಕತ್ತರಿಕ್ಕಾಯ್ ಅನ್ನುತ್ತಾರೆ. ನಾವು ಎಲ್ಲೋ ದೂರದ ಸೀಮೆಯಿಂದ ಬಂದದ್ದು ಅಂತ ಸೀಮೆಬದನೆ ಅನ್ನುತ್ತೇವೆ. ಆ ಸೀಮೆ ಇದೇ! ಮೆಕ್ಸಿಕೊದಿಂದ ಈ ಕಡೆಯವರೆಗಿನ ನೆಲವೇ ಅದರ ತವರು, ಹೆಸರು ‘ಚಯೋತೆ’. ಇಷ್ಟು ವರ್ಷ ಪಲ್ಯ ಮಾಡಿದ ತರಕಾರಿಯ ತವರುಮನೆಗೆ ನಾನೇ ಬಂದು ನಿಂತಿದ್ದೆ.

ಕನ್ನಡದವರು ಇಲ್ಲಿಗೆ ಸ್ಪ್ಯಾನಿಶ್ ಕಲಿಯಲು ಬಂದರೆ ಮೊದಲ ವಾರವೇ ಈ ಸಂತೆಗೆ ಹೋಗಬೇಕು ಅನ್ನುವುದು ಇದಕ್ಕೇ. ತರಕಾರಿ ಆಗಲೇ ಗೊತ್ತು, ಹೆಸರೊಂದು ಬದಲಾಯಿಸಿಕೊಂಡರೆ ಸಾಕು. ನಾಲಿಗೆಯೂ ಅರ್ಧ ತಯಾರಾಗಿರುತ್ತದೆ. ತ, ದ ಅಕ್ಷರ ನಮ್ಮದೇ ಥರ. ಜೊತೆಯ ಅಮೆರಿಕದವರು ‘ರ್ರ’ ಬರದೆ ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದರು, ನಮಗೆ ಅದು ಕರ್ರಗೆ ಅಂದಷ್ಟೇ ಸುಲಭ. ‘ಮೆ ಗುಸ್ತಾ’ ಅನ್ನುವುದನ್ನು ಅವರಿಗೆ ಮೂರು ದಿನ ಕಲಿಸಿದರು. ನನಗೆ ಇಷ್ಟ. ಅಷ್ಟೇ! ನಾವು ಹೇಳುವುದೇ ಹಾಗೆ.

ಆದರೆ ಪುಸ್ತಕದ ಸ್ಪ್ಯಾನಿಶ್ ಸಂತೆಯಲ್ಲಿ ಪೂರ್ತಿ ನಡೆಯುವುದಿಲ್ಲ. ಕೊತ್ತಂಬರಿ ಸೊಪ್ಪು ಪಾಠದಲ್ಲಿ ‘ಸಿಲಾಂತ್ರೊ’, ಇಲ್ಲಿಯವರ ಬಾಯಲ್ಲಿ ‘ಕುಲಾಂತ್ರೊ’. ಹುರುಳಿಕಾಯಿಗೆ, ಅದೇ ನಮ್ಮ ಬೀನ್ಸಿಗೆ, ‘ಬಾಯ್ನಿಕಾ’. ‘ಪ್ಲಾತನೊ’ ಅಂತ ಕೇಳಿ ಬಾಳೆಹಣ್ಣು ತಂದೆ. ಮಗಳು ಒಂದು ಕಚ್ಚು ಕಚ್ಚಿ ಉಗುಳಿದಳು. ಅದು ಬೇಯಿಸುವ, ಕರಿಯುವ ದೊಡ್ಡ ಬಾಳೆ. ತಿನ್ನುವ ಹಣ್ಣಿಗೆ ‘ಬನಾನೊ’ ಅನ್ನಬೇಕಿತ್ತು.

ಇನ್ನೊಂದು ಪೇಚು. ತರಕಾರಿ ಆರಿಸಿಯಾದ ಮೇಲೆ ಎಷ್ಟಾಯಿತು ಅಂತ ಕೇಳಿದೆ. ಮಾರುವಾಕೆ ‘ದೋಸ್ ರೋಹೋಸ್’ ಅಂದಳು. ಎರಡು ಕೆಂಪು. ನಾನು ಜಾಣೆಯ ಹಾಗೆ ಎರಡು ಕೆಂಪು ದೊಣ್ಣೆಮೆಣಸು ಎತ್ತಿ ಚೀಲಕ್ಕೆ ಹಾಕಿದೆ. ಆಕೆ ಮತ್ತೆ ಹೇಳಿದಳು, ನಾನು ಇನ್ನೆರಡು ಹಾಕಿದೆ. ಹಿಂದೆ ನಿಂತವರೆಲ್ಲ ನಗುತ್ತಿದ್ದರು. ಇಲ್ಲಿನ ಸಾವಿರ ಕೊಲೋನ್ ನೋಟು ಕೆಂಪು ಬಣ್ಣದ್ದು, ಅದಕ್ಕೇ ಅದು ‘ಕೆಂಪು’. ಎರಡು ಸಾವಿರ ಕೊಡು ಅಂತ ಕೇಳುತ್ತಿದ್ದಳು ಪಾಪ.

ಅವಳೇ ಮುಂದೆ ನನ್ನ ಕಾಯಂ ಅಂಗಡಿಯವಳಾದಳು. ‘ಇನ್ನೇನು ಬೇಕು ನನ್ನ ರಾಣಿ?’ ಅನ್ನುತ್ತಾಳೆ. ಪಕ್ಕದ ಟೊಮೆಟೊ ಮಾರುವವನು ‘ಮಿ ಅಮೋರ್’, ಅಂದರೆ ನನ್ನ ಒಲವೇ, ಅಂದ ದಿನ ನಮ್ಮ ಯಜಮಾನರ ಮುಖ ನೋಡಬೇಕಿತ್ತು! ನಮ್ಮ ಕಡೆ ‘ಬನ್ನಿ ಅಕ್ಕ’ ಅನ್ನುವ ಹಾಗೆ ಅದು, ಹೆಚ್ಚೇನಿಲ್ಲ. ಜನ ಮರ್ಯಾದೆಯವರು. ಮಗಳಿಗೂ ‘ಉಸ್ತೆದ್’ ಅಂತ, ನೀವು ಅಂತಲೇ ಮಾತಾಡಿಸುತ್ತಾರೆ. ಸಾಕಿದ ನಾಯಿಗೂ ಉಸ್ತೆದ್. ನಮ್ಮ ಮನೆಯಲ್ಲಿ ಮಗುವಿಗೆ ‘ನೀವು’ ಅಂದರೆ ಅಮ್ಮನಿಗೆ ಕೋಪ ಬಂದಿದೆ ಅಂತ ಅರ್ಥ. ಹಾಗಾಗಿ ಮಗಳು ಮೊದಮೊದಲು ಹೆದರಿಕೊಂಡಿದ್ದಳು.

ತಪ್ಪದೆ ಕೊಳ್ಳಬೇಕಾದದ್ದು ‘ತಾಪಾ ದೆ ದುಲ್ಸೆ’. ಹೆಸರು ಏನಾದರೂ ಇರಲಿ, ಅದು ಅಚ್ಚುಬೆಲ್ಲ. ಕಬ್ಬಿನ ಹಾಲು ಕಾಯಿಸಿ ಮಾಡಿದ್ದು, ನಮ್ಮ ಆಲೆಮನೆಗೆ ಇಲ್ಲಿ ‘ತ್ರಪೀಚೆ’. ಬಿಸಿನೀರಿಗೆ ಕರಗಿಸಿ ‘ಆಗ್ವಾ ದುಲ್ಸೆ’ ಅಂತ ಕುಡಿಯುತ್ತಾರೆ. ಏಲಕ್ಕಿ ಹಾಕಿದರೆ ಬಿಸಿ ಪಾನಕ. ಮೇ ತಿಂಗಳಿಂದ ನವೆಂಬರ್‌ವರೆಗೆ ಮಧ್ಯಾಹ್ನ ಆದರೆ ಮಳೆ ಹುಯ್ಯುತ್ತದೆ, ಆಗ ಇದಕ್ಕಿಂತ ಬೇರೆ ಬೇಡ. ‘ಪೆಹಿಬಾಯೆ’ ಅನ್ನುವ ತಾಳೆ ಜಾತಿಯ ಕಾಯಿಯನ್ನು ಬೇಯಿಸಿ ಮಯೊನೀಸ್ ಹಚ್ಚಿ ತಿನ್ನುತ್ತಾರೆ. ನನಗೆ ಸೇರಲಿಲ್ಲ, ಮಗಳಿಗೆ ಜೀವ.

ಹೀಗೆ ಪೇಚಾಡುವಾಗೆಲ್ಲ ಕಿಟ್ಟೆಲ್ ನೆನಪಾಗುತ್ತಾರೆ. ಬಾಸೆಲ್ ಮಿಷನ್ನಿನ ಅವರು 1853ರಲ್ಲಿ ನಮ್ಮ ಕಡೆಗೆ ಬಂದು ಕನ್ನಡ ಕಲಿತವರು. ಅವರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಸಣ್ಣವಳಿದ್ದಾಗ ಆ ದಪ್ಪ ಪುಸ್ತಕ ನೋಡಿ ಎಷ್ಟು ಓದಿರಬೇಕು ಅಂದುಕೊಳ್ಳುತ್ತಿದ್ದೆ. ಈಗ ಎಷ್ಟು ಸಲ ನಗೆಪಾಟಲಾಗಿರಬೇಕು ಅನ್ನಿಸುತ್ತದೆ. ಅವರೂ ಯಾವುದೋ ಸಂತೆಯಲ್ಲಿ ಬದನೆ ಕೇಳಿ ಇನ್ನೇನೋ ತಂದಿರುತ್ತಾರೆ.

ಏಳನೇ ತಿಂಗಳಲ್ಲಿ ನನ್ನ ಕಾಯಂ ಅಂಗಡಿಯವಳು ಕೇಳಿದಳು: ಇಷ್ಟೊಂದು ಚಯೋತೆ ಒಯ್ದು ಏನು ಮಾಡುತ್ತೀರಿ? ನಾನು ತೆಂಗಿನ ತುರಿ, ಹಸಿಮೆಣಸು, ಒಗ್ಗರಣೆ ಎಲ್ಲ ವಿವರಿಸಿದೆ. ಒಗ್ಗರಣೆಗೆ ಮಾತು ಸಿಗದೆ ‘ಚಟಪಟ’ ಅಂತ ಕೈಯಲ್ಲಿ ತೋರಿಸಿದೆ. ಭೂತಕಾಲ, ವರ್ತಮಾನ ಎಲ್ಲ ಕಲಸಿಹೋಗಿತ್ತು, ಆದರೂ ಐದು ನಿಮಿಷ ನಿಲ್ಲಿಸದೆ ಮಾತಾಡಿದೆ. ಮುಂದಿನ ಭಾನುವಾರ ಆಕೆ ಎಳೆಯ ಕಾಯಿ ನಾಲ್ಕು ಎತ್ತಿಟ್ಟಿದ್ದಳು. ಮಾಡಿ ನೋಡಿದೆ, ಪರವಾಗಿಲ್ಲ, ಆದರೆ ನಿಮ್ಮ ಚಟಪಟ ಇಲ್ಲದೆ ಸಪ್ಪೆ ಅಂದಳು. ಊರಿಂದ ತಂದ ಸಾಸಿವೆಯಲ್ಲಿ ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಟ್ಟೆ.

ಹೋಗುವವರು ಚೀಲ ನೀವೇ ಒಯ್ಯಿರಿ, ಚಿಲ್ಲರೆ ಇಟ್ಟುಕೊಳ್ಳಿ. ಭಾರ ಜಾಸ್ತಿಯಾದರೆ ಬರುವಾಗ ಕೆಂಪು ಟ್ಯಾಕ್ಸಿ ಹಿಡಿಯಿರಿ. ಸಾಸಿವೆ ಮಾತ್ರ ಊರಿಂದ ಎರಡು ಪೊಟ್ಟಣ ಹೆಚ್ಚಿಗೆ ತನ್ನಿ.